ನಾಲ್ಕು ದಿನ ಮಾತ್ರೆ ಬಿಟ್ಟರೂ ಬಿಪಿ ಏರಲಿಲ್ಲ, ಯಾಕೆ?

ಪ್ರಶ್ನೆ: ನಮ್ಮಪ್ಪನಿಗೆ 61 ವರ್ಷ. ಆರು ವರ್ಷದಿಂದ ಬಿಪಿ ಇದೆ. ಆಮ್ಲೋಡಿಪಿನ್ 5, ಟೆಲ್ಮಿಸಾರ್ಟನ್ 40, ಬೆಳಗ್ಗೆ ಒಂದೊಂದು ತಗೊಳ್ಳುತ್ತಾರೆ. ಮಾವಿನ ಸೀಸನ್ ಬಂದರೆ ಶ್ರೀನಿವಾಸಪುರದ ಮಂಡಿಯಲ್ಲೇ ಇರುತ್ತಾರೆ, ಮನೆಗೆ ಬರುವುದು ವಾರಕ್ಕೊಮ್ಮೆ. ಈ ಸಲ ಮಾತ್ರೆ ಮನೆಯಲ್ಲೇ ಮರೆತು ಹೋಗಿ ನಾಲ್ಕು ದಿನ ತಗೊಳ್ಳಲಿಲ್ಲ. ಮೂರನೇ ದಿನ ಅಲ್ಲೇ ಹತ್ತಿರ ಬಿಪಿ ನೋಡಿಸಿದರೆ 138/86 ಇತ್ತಂತೆ. ‘ನೋಡು, ಮಾತ್ರೆ ಇಲ್ಲದೆಯೂ ಸರಿಯಾಗೇ ಇದೆ, ಇನ್ಮೇಲೆ ದಿನ ಬಿಟ್ಟು ದಿನ ಸಾಕು’ ಅಂತಿದ್ದಾರೆ. ಅಮ್ಮನಿಗೂ ಬಿಪಿ. ಅವರದು ಆಮ್ಲೋಕೈಂಡ್-ಎಟಿ. ಮುಗಿದರೆ ಸಂತೆ ದಿನದವರೆಗೆ ಕಾಯುತ್ತಾರೆ, ನಡುವೆ ಎರಡು ಮೂರು ದಿನ ಖಾಲಿ. ಮಾತ್ರೆ ಬಿಟ್ಟ ಮೇಲೆ ಅದರ ಕೆಲಸ ಎಷ್ಟು ದಿನ ಇರುತ್ತದೆ? ಬಿಟ್ಟಿದ್ದನ್ನು ಮಾರನೇ ದಿನ ಸೇರಿಸಿ ಎರಡು ತಗೊಳ್ಳಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಇವತ್ತೇ ಬೇಕಾಗಬಹುದು. ಸೇರಿಸಿ ಎರಡು ತಗೊಳ್ಳಬಾರದು. ಬೆಳಗ್ಗೆ ಮರೆತದ್ದು ಮಧ್ಯಾಹ್ನವೋ ಸಂಜೆಯೋ ನೆನಪಾದರೆ ಆಗಲೇ ಒಂದು ತಗೊಳ್ಳಲಿ. ಮಾರನೇ ದಿನ ಬೆಳಗ್ಗೆ ನೆನಪಾದರೆ ಹಿಂದಿನ ದಿನದ್ದನ್ನು ಅಲ್ಲಿಗೇ ಬಿಟ್ಟು, ಆ ದಿನದ್ದು ಮಾತ್ರ ನುಂಗಲಿ. ಎರಡೆರಡು ತಗೊಂಡರೆ ಆಮ್ಲೋಡಿಪಿನ್‌ನಿಂದ ತಲೆ ತಿರುಗಬಹುದು, ಕಾಲು ಊದಬಹುದು. ಅಮ್ಮನ ಮಾತ್ರೆಯನ್ನು ಎರಡು ತಗೊಂಡರೆ ನಾಡಿ ಬಡಿತವೇ ತೀರಾ ನಿಧಾನವಾಗಬಹುದು.

ಈಗ ಆ 138/86ರ ವಿಷಯಕ್ಕೆ ಬರೋಣ. ನಿಮ್ಮ ತಂದೆ ನೋಡಿದ್ದು ಮಾತ್ರೆ ಇಲ್ಲದ ಬಿಪಿ ಅಲ್ಲ. ಅವರ ಮೈಯಲ್ಲಿ ಆ ದಿನವೂ ಮಾತ್ರೆ ಇತ್ತು.

ಲೆಕ್ಕ ಹಾಕಿ ನೋಡಿ. ಕೊನೆಯ ಮಾತ್ರೆ ಭಾನುವಾರ ಬೆಳಗ್ಗೆ ತಗೊಂಡರು ಅಂತಿಟ್ಟುಕೊಳ್ಳೋಣ. ಸೋಮವಾರದಿಂದ ಗುರುವಾರದವರೆಗೆ ಇಲ್ಲ. ಬಿಪಿ ನೋಡಿಸಿದ್ದು ಬುಧವಾರ, ಅಂದರೆ ಕೊನೆಯ ಮಾತ್ರೆ ನುಂಗಿ 72 ಗಂಟೆ ಆದ ಮೇಲೆ. ಆಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ವಯಸ್ಸಾದವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಇನ್ನೂ ಜಾಸ್ತಿ. 40 ಗಂಟೆ ಅಂತ ಹಿಡಿದರೂ, ಸೋಮವಾರ ಮಧ್ಯರಾತ್ರಿ ಹೊತ್ತಿಗೆ ಅರ್ಧ ಉಳಿದಿರುತ್ತದೆ. ಬುಧವಾರ ಸಂಜೆಗೆ ಕಾಲು ಭಾಗ. ಅವರು ನೋಡಿಸಿದಾಗ ಕಾಲು ಭಾಗದ ಆಸುಪಾಸಿನಲ್ಲಿ ಇದ್ದೇ ಇತ್ತು. ಶುಕ್ರವಾರ ಬೆಳಗ್ಗೆಗೆ ಎಂಟರಲ್ಲಿ ಒಂದು ಪಾಲು.

ಇನ್ನೊಂದು ವಿಷಯ. ದಿನಾ ತಪ್ಪದೆ ತಗೊಳ್ಳುವವರ ಮೈಯಲ್ಲಿ ಹಿಂದಿನ ದಿನಗಳ ಆಮ್ಲೋಡಿಪಿನ್ ಮೇಲೆ ಇವತ್ತಿನದು ಸೇರುತ್ತಾ ಹೋಗುತ್ತದೆ. ಒಂದು ವಾರ ಹತ್ತು ದಿನದಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಗ ಎರಡರಿಂದ ಮೂರು ಮಾತ್ರೆಯಷ್ಟು ಔಷಧಿ ಸದಾ ಮೈಯಲ್ಲೇ ಇರುತ್ತದೆ. ಮಳೆ ನಿಂತು ನಾಲ್ಕು ದಿನವಾದರೂ ಮಣ್ಣಲ್ಲಿ ಹದ ಉಳಿದಿರುತ್ತದಲ್ವಾ, ಹಾಗೆ. ಪೈರು ಹಸಿರಾಗೇ ಕಾಣುತ್ತದೆ ಅಂತ ಇನ್ನು ನೀರೇ ಬೇಡ ಅಂತ ಯಾವ ರೈತರೂ ಹೇಳುವುದಿಲ್ಲ. ನಿಮ್ಮ ತಂದೆಗೆ ಇದನ್ನು ಹೀಗೇ ಹೇಳಿ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಟೆಲ್ಮಿಸಾರ್ಟನ್ ಇದಕ್ಕಿಂತ ಬೇಗ ಕರಗುತ್ತದೆ. ಅರ್ಧಕ್ಕೆ ಇಳಿಯಲು ಸುಮಾರು 24 ಗಂಟೆ. ಬುಧವಾರದ ಹೊತ್ತಿಗೆ ಎಂಟರಲ್ಲಿ ಒಂದು ಪಾಲು ಉಳಿದಿತ್ತು ಅಂತಿಟ್ಟುಕೊಳ್ಳಿ. ಇದನ್ನು ಬಿಟ್ಟರೂ ಬಿಪಿ ದಿಢೀರ್ ಅಂತ ಮೇಲೆ ಹಾರುವುದಿಲ್ಲ, ಕೆಲವು ದಿನಗಳಲ್ಲಿ ನಿಧಾನವಾಗಿ ಹಳೇ ಮಟ್ಟಕ್ಕೆ ಏರುತ್ತದೆ. ಎರಡೂ ಮಾತ್ರೆ ಬಿಟ್ಟವರಲ್ಲಿ ಒಂದು ವಾರ, ಹತ್ತು ದಿನದ ಮೇಲೆ ನೋಡಿದರೆ ನಿಜವಾದ ಅಂಕಿ ಕಾಣಲು ಶುರುವಾಗುತ್ತದೆ. ಕೆಲವರಲ್ಲಿ ಇನ್ನೂ ತಡ, ತಿಂಗಳುಗಳೇ ಹಿಡಿಯಬಹುದು. ಅಷ್ಟು ಹೊತ್ತಿಗೆ ‘ನನಗೆ ಬಿಪಿ ಹೋಯ್ತು’ ಅನ್ನುವ ನಂಬಿಕೆ ಮನಸ್ಸಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನನಗೆ ಹೆದರಿಕೆ ಇರುವುದು ಇಲ್ಲೇ. ಸ್ಟ್ರೋಕ್ ಆಗಿ ಆಸ್ಪತ್ರೆಗೆ ಬರುವವರ ಮನೆಯವರನ್ನು ಕೇಳಿದಾಗ ‘ಮಾತ್ರೆ ತಗೋತಿದ್ರು ಸರ್, ಈಚೆಗೆ ಚೆನ್ನಾಗಿದೆ ಅಂತ ಬಿಟ್ಟಿದ್ರು’ ಅನ್ನುವ ಮಾತು ಬಹಳ ಸಲ ಕೇಳಿಬರುತ್ತದೆ.

ಸೀಸನ್ನಿನ ವಿಷಯವೂ ಇದೆ. ಮಾವು ಬರುವುದು ಬಿಸಿಲಲ್ಲಿ. ಬಿಸಿಲುಕಾಲದಲ್ಲಿ ರಕ್ತನಾಳ ಸಡಿಲವಾಗುತ್ತವೆ, ಬೆವರಲ್ಲಿ ಉಪ್ಪು, ನೀರು ಹೋಗುತ್ತದೆ. ಹಾಗಾಗಿ ಎಷ್ಟೋ ಜನರ ಬಿಪಿ ಬೇಸಿಗೆಯಲ್ಲಿ ಸ್ವಲ್ಪ ಇಳಿದು ಚಳಿಗಾಲದಲ್ಲಿ ಏರುತ್ತದೆ. ಹಗಲೆಲ್ಲ ಕ್ರೇಟ್ ಎತ್ತಿ ಇಳಿಸಿ ಬೆವರು ಸುರಿಸಿದವರಿಗೆ ಮೇ ತಿಂಗಳಲ್ಲಿ 138 ಬಂದರೆ ಡಿಸೆಂಬರ್‌ನಲ್ಲೂ ಅಷ್ಟೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಅದೂ ಅಲ್ಲದೆ ಒಂದು ಸಲ ನೋಡಿದ ಅಂಕಿ ಅದು. ಬಿಪಿ ಗಂಟೆಗೆ ಗಂಟೆಗೆ ಬದಲಾಗುತ್ತದೆ. ಒಂದು ಅಂಕಿ ನೋಡಿ ಮಾತ್ರೆ ಶುರು ಮಾಡುವುದೂ ಸರಿಯಲ್ಲ, ಬಿಡುವುದೂ ಸರಿಯಲ್ಲ.

‘ದಿನ ಬಿಟ್ಟು ದಿನ’ ಅಂದರೆ ಏನಾಗುತ್ತದೆ? ಸರಾಸರಿ ಲೆಕ್ಕದಲ್ಲಿ ದಿನಾ ಅರ್ಧ ಮಾತ್ರೆ ತಗೊಂಡ ಹಾಗೆ. ಆದರೆ ಮಟ್ಟ ಒಂದೇ ಸಮ ಇರುವುದಿಲ್ಲ. ಟೆಲ್ಮಿಸಾರ್ಟನ್ ಅಂತೂ ಎರಡನೇ ದಿನದ ಕೊನೆಗೆ ಕಾಲು ಭಾಗಕ್ಕೆ ಇಳಿದಿರುತ್ತದೆ. ಅದರಲ್ಲೂ ಬೆಳಗಿನ ಜಾವದಿಂದ ಬೆಳಗ್ಗೆ ಹತ್ತು ಹನ್ನೊಂದರವರೆಗೆ ಬಿಪಿ ಸಹಜವಾಗಿಯೇ ಏರುವ ಹೊತ್ತು. ಹೃದಯಾಘಾತ, ಸ್ಟ್ರೋಕ್ ಆ ಹೊತ್ತಲ್ಲೇ ಜಾಸ್ತಿ. ಸರಿಯಾಗಿ ಆ ಹೊತ್ತಿಗೇ ಔಷಧಿ ತಳ ಮುಟ್ಟಿರುತ್ತದೆ. ನಿಮ್ಮ ತಂದೆಯವರ ಬಿಪಿ ನಿಜಕ್ಕೂ ಕಡಿಮೆಯಾಗಿರುವ ಸಾಧ್ಯತೆಯೂ ಇದೆ, ಇಲ್ಲ ಅನ್ನುವುದಿಲ್ಲ. ತೂಕ ಇಳಿದಿದ್ದರೆ, ಉಪ್ಪು ಕಡಿಮೆ ಮಾಡಿದ್ದರೆ, ಕುಡಿತ ಬಿಟ್ಟಿದ್ದರೆ ಡೋಸ್ ಇಳಿಸಬಹುದು. ಅದಕ್ಕೆ ದಾರಿ ಬೇರೆ. ದಿನಾ ಮಾತ್ರೆ ತಗೊಳ್ಳುತ್ತಲೇ ಒಂದು ವಾರ ಬೆಳಗ್ಗೆ ಸಂಜೆ ಬಿಪಿ ಬರೆದಿಟ್ಟು ಡಾಕ್ಟರಿಗೆ ತೋರಿಸಲಿ. 110, 115 ಅಂತ ಬರುತ್ತಾ, ಎದ್ದು ನಿಂತಾಗ ತಲೆ ತಿರುಗುತ್ತಿದ್ದರೆ ನಾವೇ ಒಂದು ಮಾತ್ರೆ ಕಡಿಮೆ ಮಾಡುತ್ತೇವೆ.

ಇಷ್ಟು ಹೊತ್ತು ಹೇಳಿದ್ದು ತಂದೆಯ ಮಾತ್ರೆಯ ಕಥೆ. ನಿಮ್ಮ ತಾಯಿಯವರದು ಓದಿದಾಗ ನನಗೆ ಇನ್ನೂ ಆತಂಕವಾಯಿತು. ಮನೆಯಲ್ಲಿ ಎಲ್ಲರೂ ‘ಬಿಪಿ ಮಾತ್ರೆ’ ಅಂತ ಒಂದೇ ಹೆಸರಲ್ಲಿ ಕರೆಯುತ್ತಾರೆ. ಆದರೆ ಬಿಟ್ಟಾಗ ಒಂದೊಂದು ಮಾತ್ರೆ ಒಂದೊಂದು ಥರ.

ಆಮ್ಲೋಕೈಂಡ್-ಎಟಿ ಒಂದೇ ಗುಳಿಗೆಯಾದರೂ ಒಳಗೆ ಇರುವುದು ಎರಡು ಔಷಧಿ, ಆಮ್ಲೋಡಿಪಿನ್ 5 ಮತ್ತು ಅಟೆನೋಲಾಲ್ 50. ಆ ‘ಎಟಿ’ ಅಂದರೆ ಅಟೆನೋಲಾಲ್. ಅದು ಆರೇಳು ಗಂಟೆಗೇ ಅರ್ಧಕ್ಕೆ ಇಳಿಯುತ್ತದೆ. ಕೆಲಸ ಒಂದು ದಿನ ನಡೆಯುತ್ತದೆ, ಎರಡನೇ ದಿನಕ್ಕೆ ಮುಗಿಯಿತು. ಅಂದರೆ ಸಂತೆ ದಿನಕ್ಕೆ ಕಾಯುವ ಆ ಎರಡು ಮೂರು ದಿನದಲ್ಲಿ ಅಮ್ಮನ ಮೈಯಲ್ಲಿ ಆಮ್ಲೋಡಿಪಿನ್ ಇರುತ್ತದೆ, ಅಟೆನೋಲಾಲ್ ಇರುವುದಿಲ್ಲ.

ಅಟೆನೋಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಇವೆಲ್ಲ ಒಂದೇ ಗುಂಪು, ಬೀಟಾ ಬ್ಲಾಕರ್ ಅಂತಾರೆ. ಗಾಬರಿಯಾದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಎಂಬ ರಸ ಹೃದಯವನ್ನು ಓಡಿಸದಂತೆ ತಡೆಯುವುದು ಇವುಗಳ ಕೆಲಸ. ವರ್ಷಗಟ್ಟಲೆ ತಡೆದಾಗ ದೇಹ ಸುಮ್ನೆ ಇರುವುದಿಲ್ಲ, ಅಡ್ರಿನಲಿನ್ ಬಂದು ಕೂರುವ ಜಾಗಗಳನ್ನು ಹೃದಯದಲ್ಲಿ ಜಾಸ್ತಿ ಮಾಡಿಕೊಳ್ಳುತ್ತದೆ. ಮಾತ್ರೆ ಥಟ್ಟನೆ ನಿಂತರೆ ಅಷ್ಟೂ ಜಾಗ ಒಟ್ಟಿಗೆ ಖಾಲಿಯಾಗಿ, ಅಲ್ಲೆಲ್ಲ ಅಡ್ರಿನಲಿನ್ ಬಂದು ಕೂರುತ್ತದೆ. ಎದೆ ಡವಡವ ಅನ್ನುತ್ತದೆ, ಬೆವರು, ಬಿಪಿ ಮೊದಲಿಗಿಂತಲೂ ಮೇಲೆ ಹೋಗಬಹುದು. ಹೃದಯದ ರಕ್ತನಾಳದಲ್ಲಿ ಅಡಚಣೆ ಇರುವವರಿಗೆ ಎದೆನೋವು, ಹೃದಯಾಘಾತ ಕೂಡ ಆಗಬಹುದು. ಇದು ಬಿಟ್ಟ ಮೊದಲ ಕೆಲವು ದಿನದಿಂದ ಎರಡು ವಾರದೊಳಗೆ ನೋಡಬೇಕಾದ ಅಪಾಯ. ಆದ್ದರಿಂದಲೇ ಇದನ್ನು ನಿಲ್ಲಿಸಬೇಕಾದರೂ ಒಂದೆರಡು ವಾರ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸುತ್ತೇವೆ. ಒಂದು ಡೋಸ್ ತಪ್ಪಿದ್ದಕ್ಕೆ ಗಾಬರಿ ಬೀಳಬೇಡಿ. ಪ್ರತಿ ತಿಂಗಳೂ ಮೂರು ಮೂರು ದಿನ ಖಾಲಿ ಬಿಡುವುದು ಮಾತ್ರ ಇವತ್ತಿಗೇ ನಿಲ್ಲಬೇಕು. ಅಮ್ಮನಿಗೆ ಸ್ಟೆಂಟ್ ಹಾಕಿದ್ದರೆ, ಹಿಂದೆ ಎದೆನೋವು ಬಂದಿದ್ದರೆ ಇದು ಇನ್ನೂ ಮುಖ್ಯ.

ಇದಕ್ಕಿಂತ ಜೋರಾಗಿ ತಿರುಗಿಬೀಳುವ ಮಾತ್ರೆ ಕ್ಲೋನಿಡಿನ್. ಆರ್ಕಾಮಿನ್ ಅಂತ ಸಿಗುತ್ತದೆ. ಕಿಡ್ನಿ ತೊಂದರೆ ಇದ್ದು ನಾಲ್ಕೈದು ಮಾತ್ರೆಗೂ ಬಿಪಿ ಬಗ್ಗದವರಿಗೆ, ಡಯಾಲಿಸಿಸ್‌ಗೆ ಹೋಗುವವರಿಗೆ ಬರೆಯುತ್ತಾರೆ. ದಿನಕ್ಕೆ ಎರಡು ಮೂರು ಸಲ ತಗೊಳ್ಳುವ ಮಾತ್ರೆ ಅದು. ಹಠಾತ್ತಾಗಿ ಬಿಟ್ಟರೆ ಒಂದು ದಿನದೊಳಗೇ ತಲೆನೋವು, ಕೈ ನಡುಕ, ಬೆವರು ಶುರುವಾಗಿ ಬಿಪಿ 200 ದಾಟಬಹುದು. ಕ್ಲೋನಿಡಿನ್ ತಗೊಳ್ಳುವವರು ಊರು ಬಿಟ್ಟು ಹೋಗುವಾಗ ದುಡ್ಡಿಗಿಂತ ಮೊದಲು ಮಾತ್ರೆ ಇಟ್ಟುಕೊಳ್ಳಬೇಕು.

ಪ್ರಜೋಸಿನ್, ಅಂದರೆ ಮಿನಿಪ್ರೆಸ್ ಎಕ್ಸ್‌ಎಲ್, ಇದರ ತೊಂದರೆ ಬಿಟ್ಟಾಗಿನದ್ದಲ್ಲ, ಮತ್ತೆ ಶುರು ಮಾಡಿದಾಗಿನದ್ದು. ಕೆಲವು ದಿನ ಬಿಟ್ಟು ಒಮ್ಮೆಗೇ ಹಳೇ ಡೋಸ್ ನುಂಗಿದರೆ ಎದ್ದು ನಿಂತ ಕೂಡಲೇ ಬಿಪಿ ಕುಸಿದು ಕಣ್ಣು ಕತ್ತಲೆ ಬಂದು ಬೀಳಬಹುದು. ಹಾಗಾಗಿ ಡಾಕ್ಟರಿಗೆ ಫೋನ್ ಮಾಡಿ, ಸಣ್ಣ ಡೋಸ್‌ನಿಂದ, ಮಲಗುವ ಹೊತ್ತಲ್ಲಿ ಮತ್ತೆ ಶುರು ಮಾಡಬೇಕು.

ಉಳಿದವು ಬೇಗ ಹೇಳಿಬಿಡುತ್ತೇನೆ. ಲೊಸಾರ್ಟನ್, ಎನಲಪ್ರಿಲ್ ಇವು ಹೆಚ್ಚೆಂದರೆ ಒಂದು ದಿನ ಹಿಡಿಯುತ್ತವೆ, ಎಷ್ಟೋ ಜನರಲ್ಲಿ 24 ಗಂಟೆ ತುಂಬುವ ಮೊದಲೇ ಬಲ ಕುಗ್ಗಿರುತ್ತದೆ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಗಳಲ್ಲಿ ಕ್ಲೋರ್‌ಥಾಲಿಡೋನ್ ಎರಡು ಮೂರು ದಿನ ಇರುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಅದಕ್ಕಿಂತ ಬೇಗ ಹೋಗುತ್ತದೆ. ಮಾತ್ರೆ ಹೆಸರಿನ ಕೊನೆಗೆ ‘ಎಚ್’ ಅಂತ ಇದ್ದರೆ ಸಾಮಾನ್ಯವಾಗಿ ಇದೇ. ಬೆಂಗಳೂರಿಗೆ ಬಸ್ಸಲ್ಲಿ ಹೋಗುವ ದಿನ ದಾರಿಯಲ್ಲಿ ಮೂತ್ರಕ್ಕೆ ತೊಂದರೆ ಅಂತ ಇದನ್ನು ಬಿಡುವವರು ಬಹಳ, ಅದರಲ್ಲೂ ಹೆಂಗಸರು. ಅದು ನಿಜವಾದ ಕಷ್ಟ, ಬೈಯುವ ವಿಷಯವಲ್ಲ. ಆ ದಿನ ಊರು ತಲುಪಿದ ಮೇಲೆ, ಸಂಜೆಯೊಳಗೆ ತಗೊಂಡರೆ ಆಯಿತು.

ಹಾಗಾದರೆ ನಿಮ್ಮ ಮನೆಯಲ್ಲಿರುವುದು ಯಾವ ಮಾತ್ರೆ ಅಂತ ತಿಳಿಯುವುದು ಹೇಗೆ? ಶೀಟಿನ ಹಿಂದೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಸಣ್ಣ ಅಕ್ಷರದಲ್ಲಿ ಒಳಗಿರುವ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಮ್ಮ ಕಡೆ ಒಂದು ಅಭ್ಯಾಸ ಇದೆ. ದುಡ್ಡು ಕಡಿಮೆ ಇದ್ದಾಗ ‘ನಾಲ್ಕು ಮಾತ್ರೆ ಕೊಡಿ’ ಅಂತ ಕೇಳುತ್ತಾರೆ, ಅಂಗಡಿಯವರು ಕತ್ತರಿಯಲ್ಲಿ ಶೀಟು ಕತ್ತರಿಸಿ ಕೊಡುತ್ತಾರೆ. ಹೆಸರು, ಎಕ್ಸ್‌ಪೈರಿ ಇರುವ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಮನೆಗೆ ಬಂದ ತುಂಡಿನಲ್ಲಿ ಬರೀ ಬೆಳ್ಳಿ ಬಣ್ಣ. ಆಮೇಲೆ ಯಾವುದು ಬಿಪಿಯದು, ಯಾವುದು ಶುಗರ್‌ದು ಅಂತ ಗೊತ್ತಾಗದೆ ಅದಲು ಬದಲಾಗುತ್ತದೆ. ಕತ್ತರಿಸಿ ತಂದರೂ ಪೂರ್ತಿ ಶೀಟಿನ ಫೋಟೋ ಅಲ್ಲೇ ಒಂದು ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ‘ಬಿಳೀದು, ಚಿಕ್ಕದು’ ಅಂತ ಹೇಳುವುದಕ್ಕಿಂತ ಆ ಫೋಟೋ ನಮಗೆ ಸಾವಿರ ಪಾಲು ಉಪಯೋಗ.

ಹೆಸರಿನ ಕೊನೆಗೆ ‘ಎಕ್ಸ್‌ಎಲ್’, ‘ಎಸ್‌ಆರ್’, ‘ಇಆರ್’, ‘ರಿಟಾರ್ಡ್’ ಅಂತ ಇದ್ದರೆ ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಇಡೀ ದಿನಕ್ಕೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಪುಡಿ ಮಾಡಿದರೆ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ, ಸಂಜೆಗೆ ಏನೂ ಉಳಿಯುವುದಿಲ್ಲ.

ಮಾತ್ರೆ ಕೊಳ್ಳುವ ವಿಷಯ. ನಿಮ್ಮ ತಂದೆ ತಗೊಳ್ಳುವ ಎರಡೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಬಿಪಿ, ಶುಗರ್‌ಗೆ ಒಂದು ತಿಂಗಳಿಗೆ ಆಗುವಷ್ಟು ಒಟ್ಟಿಗೆ ಕೊಡುತ್ತಾರೆ. ಅಲ್ಲಿ ಖಾಲಿಯಾಗಿದ್ದರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ತಾಯಿಯವರ ಮಾತ್ರೆ ಸಂತೆ ದಿನವೇ ತರುವುದು ಅನುಕೂಲವಾದರೆ ಹಾಗೇ ಮಾಡಿ. ಆದರೆ ಹತ್ತು ಮಾತ್ರೆ ಕೈಯಲ್ಲಿ ಇರುವಾಗಲೇ ಮುಂದಿನ ಶೀಟು ಮನೆಗೆ ಬಂದಿರಲಿ. ಆಗ ಒಂದು ಸಂತೆ ತಪ್ಪಿದರೂ ಇನ್ನೊಂದು ಸಂತೆವರೆಗೆ ಸಾಕಾಗುತ್ತದೆ.

ತಂದೆಯವರಿಗೆ ಸೀಸನ್‌ನಲ್ಲಿ ಬೆಳಗ್ಗೆ ಅನ್ನುವ ಹೊತ್ತೇ ಇರುವುದಿಲ್ಲ. ರಾತ್ರಿಯೆಲ್ಲ ಲೋಡಿಂಗ್, ಬೆಳಗ್ಗೆ ಹರಾಜು, ಮಧ್ಯಾಹ್ನ ನಿದ್ದೆ. ಬೆಳಗ್ಗೆಯೇ ತಗೊಳ್ಳಬೇಕು ಅಂತ ಕಟ್ಟುಪಾಡು ಇಲ್ಲ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಬಿಪಿ ರೋಗಿಗಳ ಮೇಲೆ ನಡೆದ ‘ಟೈಮ್’ ಅನ್ನುವ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬೆಳಗ್ಗೆ ತಗೊಂಡವರಿಗೂ ರಾತ್ರಿ ತಗೊಂಡವರಿಗೂ ಹೃದಯಾಘಾತ, ಸ್ಟ್ರೋಕ್ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮಂಡಿಯಲ್ಲಿ ದಿನಾ ತಪ್ಪದ ಒಂದು ಹೊತ್ತು ಯಾವುದಿದೆಯೋ ನೋಡಿ. ಮಧ್ಯಾಹ್ನದ ಮುದ್ದೆ ಊಟವೇ ಆಗಲಿ. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಎರಡನ್ನೂ ಊಟಕ್ಕೆ ಮೊದಲೂ ತಗೊಳ್ಳಬಹುದು, ಆಮೇಲೂ ತಗೊಳ್ಳಬಹುದು. ಒಂದು ಶೀಟು ಮಂಡಿಯಲ್ಲೇ ಇರಲಿ, ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ಮೈಕೈ ನೋವಿಗೆ ಅಂತ ಅಲ್ಲಿ ಡೈಕ್ಲೋಫೆನಾಕ್, ಬ್ರೂಫೆನ್ ನುಂಗುವುದಿದ್ದರೆ ಅದೂ ಬಿಪಿ ಏರಿಸುತ್ತದೆ, ಟೆಲ್ಮಿಸಾರ್ಟನ್ ಜೊತೆಗೆ ಕಿಡ್ನಿಗೂ ಒಳ್ಳೆಯದಲ್ಲ.

ಮಾತ್ರೆಯನ್ನು ಬಿಡಬೇಕಾದ ಒಂದು ಸಂದರ್ಭ ಇದೆ, ಅದನ್ನೂ ತಿಳಿದಿರಿ. ವಾಂತಿ ಭೇದಿ ಜೋರಾಗಿ, ಮೂತ್ರ ಕಡಿಮೆಯಾಗಿದ್ದರೆ ಟೆಲ್ಮಿಸಾರ್ಟನ್ ಮತ್ತು ಮೂತ್ರದ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಒಂದೆರಡು ದಿನ ನಿಲ್ಲಿಸುವುದೇ ಕಿಡ್ನಿಗೆ ಕ್ಷೇಮ. ಸರಿಯಾಗಿ ತಿಂದು ಕುಡಿಯಲು ಶುರುವಾದ ಮೇಲೆ ಮತ್ತೆ ತಗೊಳ್ಳಬೇಕು. ಉಳಿದಂತೆ ‘ಬಿಪಿ ಮಾತ್ರೆ ತಿಂದು ತಿಂದು ಕಿಡ್ನಿ ಹೋಗುತ್ತೆ’ ಅನ್ನುವ ಮಾತನ್ನು ನಂಬಬೇಡಿ. ಹತೋಟಿಯಲ್ಲಿಲ್ಲದ ಬಿಪಿಯೇ ಕಿಡ್ನಿ ಹಾಳು ಮಾಡುವುದು. ಟೆಲ್ಮಿಸಾರ್ಟನ್ ಅನ್ನು ಕಿಡ್ನಿ ಕಾಪಾಡಲೆಂದೇ ಎಷ್ಟೋ ಶುಗರ್ ರೋಗಿಗಳಿಗೆ ಕೊಡುತ್ತೇವೆ.

ಈಗ ತಂದೆ ಮತ್ತೆ ಮಾತ್ರೆ ಶುರು ಮಾಡಿರಬೇಕು. ನಾಲ್ಕು ದಿನದ ಅಂತರಕ್ಕೆ ಡೋಸ್ ಬದಲಿಸುವ ಅಗತ್ಯ ಇಲ್ಲ, ಹಿಂದಿನ ಹಾಗೇ ಒಂದೊಂದು. ಆಮ್ಲೋಡಿಪಿನ್ ಮೊದಲಿನ ಮಟ್ಟಕ್ಕೆ ತುಂಬಲು ಮತ್ತೆ ಒಂದು ವಾರ ಬೇಕು. ಎರಡನೇ ದಿನ ಬಿಪಿ 150 ಬಂತು ಅಂತ ಇನ್ನೊಂದು ಮಾತ್ರೆ ಸೇರಿಸಬೇಡಿ, ತಾಯಿಯ ಮಾತ್ರೆ ಅವರಿಗೆ ಕೊಡಬೇಡಿ. ಒಂದು ವಾರ ಕಳೆದ ಮೇಲೆ ನೋಡಿ. ಐದು ನಿಮಿಷ ಬೆನ್ನು ಒರಗಿಸಿ ಕೂತು, ಕಾಲು ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಟೇಬಲ್ ಮೇಲಿಟ್ಟು ನೋಡಬೇಕು. ಅದಕ್ಕೆ ಅರ್ಧ ಗಂಟೆ ಮುಂಚೆ ಟೀ, ಬೀಡಿ ಬೇಡ. ಎರಡು ಸಲ ನೋಡಿ ಎರಡನ್ನೂ ಬರೆದಿಡಿ. ಆಗಲೂ 140/90ರ ಮೇಲೇ ಇದ್ದರೆ ಡಾಕ್ಟರಿಗೆ ತೋರಿಸಿ.

180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಜೋರು ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಬಿಪಿ ಎಷ್ಟೇ ಇರಲಿ, ತಕ್ಷಣ ಹೊರಡಿ. ಆ ಹೊತ್ತಲ್ಲಿ ಮನೆಯಲ್ಲಿರುವ ಬಿಪಿ ಮಾತ್ರೆ ಬಾಯಿಗೆ ಹಾಕಬೇಡಿ. ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗಬಹುದು, ಬಿಪಿ ಒಮ್ಮೆಲೇ ಇಳಿದರೆ ಮೆದುಳಿಗೆ ಇನ್ನೂ ಪೆಟ್ಟು. ಲಕ್ಷಣ ಎಷ್ಟು ಹೊತ್ತಿಗೆ ಶುರುವಾಯಿತು ಅಂತ ನೆನಪಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.

ತಾಯಿಯವರನ್ನು ಈ ವಾರವೇ ಒಮ್ಮೆ ಕರೆದುಕೊಂಡು ಹೋಗಿ ನಾಡಿ, ಬಿಪಿ, ಒಂದು ಇಸಿಜಿ ಮಾಡಿಸಿ. ಅವರಿಗೆ ಅಟೆನೋಲಾಲ್ ಯಾಕೆ ಕೊಟ್ಟಿದ್ದು, ಅದು ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ. ಹೃದಯದ ತೊಂದರೆ ಇಲ್ಲದೆ ಬರೀ ಬಿಪಿಗೆ ಕೊಟ್ಟಿದ್ದರೆ, ನಿಧಾನವಾಗಿ ಇಳಿಸಿ, ಒಂದು ದಿನ ತಪ್ಪಿದರೂ ತಡೆದುಕೊಳ್ಳುವ ಮಾತ್ರೆಗೆ ಬದಲಿಸಲು ಸಾಧ್ಯವಾಗಬಹುದು. ಹೋಗುವಾಗ ಇಬ್ಬರ ಶೀಟುಗಳನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.